ಸೇಕ್ರೆಡ್ ರೈಕ್‌ನ ‘ಸರ್ಫ್ ನಿಕರಾಗುವಾ’: ಎರಡು ಆಲ್ಬಮ್ ನಡುವೆ ಜಾಗ ತುಂಬೋಕೆ ಬಿಟ್ಟಿದ್ದಾ?

ತಂತಿಮೀಟು:
ಅಮೆರಿಕದ ಥ್ರ್ಯಾಶ್ ಮೆಟಲ್ (ವೇಗದ, ಗಡಸು ರಾಕ್) ತಂಡ ಸೇಕ್ರೆಡ್ ರೈಕ್‌ನ ಈ ರೆಕಾರ್ಡ್ ಬಗ್ಗೆ ಎರಡು ಪ್ರಶ್ನೆ ಇದೆ. ಮೊದಲನೇದು: ‘ಇಗ್ನೊರೆನ್ಸ್’ (1987) ಆದಮೇಲೆ, ‘ದಿ ಅಮೆರಿಕನ್ ವೇ’ (1990) ಬರೋ ಮುಂಚೆ, 1988ರಲ್ಲಿ ಮೆಟಲ್ ಬ್ಲೇಡ್ ಕಂಪನಿ ಬಿಟ್ಟ ಈ ಇಪಿಯಲ್ಲಿ (ಆಲ್ಬಮ್‌ಗಿಂತ ಚಿಕ್ಕ ರೆಕಾರ್ಡ್) ಇರೋದೇ ನಾಲ್ಕು ಹಾಡು. ಒಂದು ಬ್ಲ್ಯಾಕ್ ಸ್ಯಾಬತ್‌ದು, ಇನ್ನೊಂದು ಅವರದೇ ಹಳೇ ಡೆಮೋದ್ದು. ಅಂದ್ರೆ ಹೊಸದು ಎರಡೇ. ಇದಕ್ಕೆ ಯಾಕೆ ಇಷ್ಟು ಹೊಗಳಿಕೆ? ಎರಡನೇದು: ಶೀರ್ಷಿಕೆ ಹಾಡಿನ ನಡುವೆ ಬರೋ ಸರ್ಫ್ ಶೈಲಿಯ (60ರ ದಶಕದ ಅಮೆರಿಕದ ಕಡಲತೀರದ ಗಿಟಾರ್ ಸಂಗೀತ) ತುಣುಕನ್ನ ಗಿಟಾರಲ್ಲಿ ನುಡಿಸಿದ್ರೆ ರಾಗಿ ಅಂಬಲಿ ಕಲಸಿದ ಹಾಗೆ ಕೇಳುತ್ತೆ. ರಿವರ್ಬ್ (ಪ್ರತಿಧ್ವನಿ) ಜಾಸ್ತಿ ಮಾಡಿದಷ್ಟೂ ಹಾಳು. ಎಲ್ಲಿ ಎಡವಟ್ಟು?

ಡಬಲ್_ಕಿಕ್ಕು:
ಸರ್ಫ್ ಅಂದ್ರೆ ಬಟ್ಟೆ ಒಗೆಯೋ ಪುಡಿ ಅಲ್ವಾ ಗುರು. ನಿಕರಾಗುವಾದಲ್ಲೂ ಸಿಗುತ್ತಾ?

ಕಬ್ಬಿಣದ_ಕಡಲೆ:
ಈ ಜೋಕ್ ಬರುತ್ತೆ ಅಂತ ಗೊತ್ತಿತ್ತು, ಎರಡನೇ ಕಮೆಂಟಿಗೇ ಬಂತು ನೋಡಿ.

ಮೊದಲ ಪ್ರಶ್ನೆಗೆ ಉತ್ತರ. ‘ಹೊಸದು ಎರಡೇ’ ಅನ್ನೋ ಲೆಕ್ಕ ಸರಿ, ಆದರೆ ಲೆಕ್ಕ ಹಾಕೋ ರೀತಿ ಸರಿ ಇಲ್ಲ. ನಾಲ್ಕೂ ಹಾಡು ಒಂದರ ಪಕ್ಕ ಒಂದು ಇಟ್ಟು ಕೇಳಿ. ‘ಸರ್ಫ್ ನಿಕರಾಗುವಾ’ ಬೇರೆಯವರ ದೇಶಕ್ಕೆ ಹೋಗಿ ಯುದ್ಧ ಮಾಡೋದನ್ನ ಗೇಲಿ ಮಾಡುತ್ತೆ. ‘ವನ್ ನೇಶನ್’ ಮೈಬಣ್ಣದ ದ್ವೇಷದ ವಿರುದ್ಧ. ‘ವಾರ್ ಪಿಗ್ಸ್’ ಬಡವರ ಮಕ್ಕಳನ್ನ ಯುದ್ಧಕ್ಕೆ ಕಳಿಸಿ ತಾವು ಕೂತಲ್ಲೇ ಕೂತಿರೋ ದೊಡ್ಡವರ ಮೇಲೆ. ‘ಡ್ರೈನಿಂಗ್ ಯು ಆಫ್ ಲೈಫ್’ 1986ರ ಡೆಮೋದ ಶೀರ್ಷಿಕೆ ಹಾಡು, ಅದನ್ನ ಮತ್ತೆ ನೆಟ್ಟಗೆ ರೆಕಾರ್ಡ್ ಮಾಡಿದ್ದು. ಮೂರು ಹಾಡು ಒಂದೇ ಮಾತಿನ ಸುತ್ತ ತಿರುಗುತ್ತೆ, ನಾಲ್ಕನೇದು ತಂಡ ಎಲ್ಲಿಂದ ಹೊರಟಿತ್ತು ಅಂತ ತೋರಿಸುತ್ತೆ. ಪೂರ್ತಿ ಆಲ್ಬಮ್‌ನಲ್ಲಿ ಇದೇ ಮಾತು ಒಂಬತ್ತು ಹಾಡಿಗೆ ಹರಡಿಹೋಗಿ ತೆಳುವಾಗುತ್ತಿತ್ತು.

ರೀಲು_ಸುತ್ತ:
ಹಿಟ್ಲರನ ಜರ್ಮನಿಯನ್ನ ನೆನಪಿಸೋ ‘ರೈಕ್’ ಅನ್ನೋ ಪದ ಹೆಸರಲ್ಲೇ ಇಟ್ಕೊಂಡು ದ್ವೇಷದ ವಿರುದ್ಧ ಹಾಡ್ತಾರಾ? ನಾಜಿ ತಂಡ ಅಂದ್ಕೊಂಡಿದ್ದೆ.

ಕಬ್ಬಿಣದ_ಕಡಲೆ:
ಹೆಸರು ನೋಡಿ ಹಾಗೆ ಅಂದ್ಕೊಳ್ಳೋರು ತುಂಬ ಜನ. ‘ವನ್ ನೇಶನ್’ ಸಾಲುಗಳನ್ನ ಓದಿ, ಚರ್ಮದ ಬಣ್ಣ ಲೆಕ್ಕಕ್ಕೇ ಇಲ್ಲ ಅಂತ ನೇರವಾಗೇ ಇದೆ. ಆ ಕಾಲದ ಥ್ರ್ಯಾಶ್ ತಂಡಗಳಲ್ಲಿ ರಾಜಕೀಯವಾಗಿ ಇಷ್ಟು ಎಡಕ್ಕೆ ನಿಂತವರು ಕಡಿಮೆ.

ಬಾಸ್_ಅಕ್ಕ:
ಅರಿಜೋನಾದ ಫೀನಿಕ್ಸ್‌ನವರು. ಫಿಲ್ ರಿಂಡ್ ಹಾಡು ಮತ್ತು ಬಾಸ್, ವೈಲಿ ಆರ್ನೆಟ್ ಲೀಡ್, ಜೇಸನ್ ರೇನಿ ರಿದಮ್, ಗ್ರೆಗ್ ಹಾಲ್ ಡ್ರಮ್ಸ್. ಈ ಇಪಿಯಲ್ಲಿ ಇದೇ ನಾಲ್ವರು. ಮುಂದೆ ಡೇವ್ ಮೆಕ್‌ಕ್ಲೇನ್ ಡ್ರಮ್ಸ್‌ಗೆ ಬಂದು, ಮಷೀನ್ ಹೆಡ್‌ಗೆ ಹೋಗಿ, 2019ರ ‘ಅವೇಕನಿಂಗ್’ ಹೊತ್ತಿಗೆ ವಾಪಸ್ ಬಂದರು. ರೇನಿ 2020ರಲ್ಲಿ ತೀರಿಕೊಂಡರು.

ಹಾಡೋನೇ ಬಾಸ್ ನುಡಿಸೋ ತಂಡ ಅನ್ನೋದನ್ನ ಕವರ್ ಮಾಡೋರು (ಬೇರೆಯವರ ಹಾಡನ್ನ ತಾವು ನುಡಿಸೋರು) ಮರೀಬೇಡಿ. ಸಾಲು ಹಾಡುವಾಗ ಬಾಸ್ ಸರಳ, ಸಾಲು ಮುಗಿದ ಕಡೆ ಬಾಸ್ ಎದ್ದು ಬರುತ್ತೆ. ಹಾಡೋಕೆ ಒಬ್ಬರು, ಬಾಸ್‌ಗೆ ಇನ್ನೊಬ್ಬರು ಇದ್ದರೆ ಬಾಸಿನವರು ಎಲ್ಲ ಕಡೆ ತುಂಬಿಸೋಕೆ ಹೋಗ್ತಾರೆ. ಅಲ್ಲೇ ಹಾಡು ಕೆಡೋದು.

ಮುಲ್ಕಿ_ಅಲೆ:
ಹೆಸರಲ್ಲಿ ಸರ್ಫ್ ಅಂತ ಇದೆ ಮಾರಾಯ್ರೆ, ಹಾಗಾಗಿ ನಾವೂ ಬಂದೆವು. ಸರ್ಫಿಂಗ್ ಬೇಕಾದ್ರೆ ನಮ್ಮ ಸಸಿಹಿತ್ಲು ಕಡಲಿಗೆ ಬನ್ನಿ, ನಿಕರಾಗುವಾ ಯಾಕೆ. ಆ ಹಾಡಿನಲ್ಲಿ ಒಂದು ತಮಾಷೆ ಉಂಟು: ಸೈನಿಕ ರಾಜಧಾನಿ ಮನಾಗುವಾ ಪೇಟೆಗೆ ನುಗ್ಗುವಾಗ, ಹಲಗೆ ತಂದಿದ್ರೆ ಸರ್ಫ್ ಮಾಡಬಹುದಿತ್ತು ಎನ್ನುವ ಅರ್ಥದ ಸಾಲು ಬರ್ತದೆ. ಮನಾಗುವಾ ಇರುವುದು ಸರೋವರದ ದಡದಲ್ಲಿ. ಕಡಲಲ್ಲ ಅದು. ಅಲೆ ಬೇಕಾದ್ರೆ ಪೆಸಿಫಿಕ್ ಬದಿಯ ಸಾನ್ ಹ್ವಾನ್ ದೆಲ್ ಸೂರ್ ಕಡೆ ಹೋಗಬೇಕು.

ಕಬ್ಬಿಣದ_ಕಡಲೆ:
ಅದೇ ಗೇಲಿಯ ತಿರುಳು ಇರಬಹುದಲ್ವಾ? ಹೋದ ದೇಶದ ನಕ್ಷೆಯೂ ಗೊತ್ತಿಲ್ಲದವನು. ‘ನಾನಿಲ್ಲಿ ಏನು ಮಾಡ್ತಿದೀನಿ’ ಅಂತ ಅವನೇ ಕೇಳ್ಕೊಳ್ತಾನೆ. ಇನ್ನೊಂದು ಗಮನಿಸಿ, ‘ಅಮೆರಿಕನ್ ವೇ’ ಅನ್ನೋ ಪದ ಇದೇ ಹಾಡಿನಲ್ಲಿದೆ. ಎರಡು ವರ್ಷ ಆದಮೇಲೆ ಅದೇ ಮುಂದಿನ ಆಲ್ಬಮ್‌ನ ಹೆಸರಾಯ್ತು. ಈಗ ಹೇಳಿ, ಜಾಗ ತುಂಬಿಸಿದ್ದಾ, ಅಡಿಪಾಯ ಹಾಕಿದ್ದಾ?

ರೀಲು_ಸುತ್ತ:
ಅಮೆರಿಕದ ಸೈನ್ಯ 80ರ ದಶಕದಲ್ಲಿ ನಿಕರಾಗುವಾದಲ್ಲಿ ಯುದ್ಧ ಮಾಡ್ತಲ್ಲ, ಅದರ ಮೇಲೆ ತಾನೇ?

ಹುಬ್ಬಳ್ಳಿ_ರಿಫ್:
ಇಲ್ರೀ. ಸೈನ್ಯ ನೇರ ಇಳೀಲಿಲ್ಲ. 1979ರಾಗ ಸಾಂಡಿನಿಸ್ಟಾ ಅನ್ನೋ ಎಡಪಂಥದ ಬಂಡುಕೋರರು ಸರ್ವಾಧಿಕಾರಿ ಸೊಮೋಸಾನ್ನ ಓಡಿಸಿದ್ರು. ಅವರ ವಿರುದ್ಧ ಕಾಂಟ್ರಾ ಅನ್ನೋ ಪಡೆಗೆ ಅಮೆರಿಕ ರೊಕ್ಕ, ಬಂದೂಕು ಕೊಟ್ಟಿತು. 1984ರಾಗ ಬಂದರಿನಾಗ ನೆಲಬಾಂಬ್ ಇಟ್ರು, ನೀರಾಗ ಇಟ್ಟಿದ್ದಕ್ಕ ಅದನ್ನ ಏನಂತಾರೋ. ಆಮೇಲೆ ಅಮೆರಿಕದ ಸಂಸತ್ತೇ ಬೋಲಂಡ್ ತಿದ್ದುಪಡಿ ತಂದು ಕಾಂಟ್ರಾಗಳಿಗೆ ರೊಕ್ಕ ಬಂದ್ ಮಾಡ್ತು. ಆಗ ಕದ್ದು ಇರಾನಿಗೆ ಆಯುಧ ಮಾರಿ, ಆ ರೊಕ್ಕದಾಗ ಒಂದಿಷ್ಟು ಇತ್ತ ತಿರುಗಿಸಿದ್ರು. 1986ರ ನವೆಂಬರಿನಾಗ ಸಿಕ್ಕಿಬಿದ್ರು. ಇರಾನ್–ಕಾಂಟ್ರಾ ಅಂದ್ರ ಅದ.

ಮತ್ತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರ ಜೂನ್ 27ಕ್ಕ ಅಮೆರಿಕದ ವಿರುದ್ಧ ತೀರ್ಪು ಕೊಟ್ಟಿತು. ಆಗ ಆ ನ್ಯಾಯಾಲಯದ ಅಧ್ಯಕ್ಷರು ಯಾರು ಗೊತ್ತದ ಏನು? ನಮ್ಮ ದೇಶದ ನಗೇಂದ್ರ ಸಿಂಗ್.

ಕಬ್ಬಿಣದ_ಕಡಲೆ:
ನೀರಲ್ಲಿಟ್ಟರೆ ಜಲಸ್ಫೋಟಕ. ಬಾಕಿ ಎಲ್ಲ ಸರಿ. ಒಂದು ಸೇರಿಸ್ತೀನಿ: 1988ರ ಮಾರ್ಚ್‌ನಲ್ಲಿ ಅಮೆರಿಕ 3,000ಕ್ಕೂ ಹೆಚ್ಚು ಸೈನಿಕರನ್ನ ಪಕ್ಕದ ಹೊಂಡುರಾಸ್‌ಗೆ ಕಳಿಸಿತ್ತು. ಅದೇ ತಿಂಗಳು ನಿಕರಾಗುವಾದ ಸಪೋವಾದಲ್ಲಿ ಸಾಂಡಿನಿಸ್ಟಾ–ಕಾಂಟ್ರಾ ನಡುವೆ ಕದನವಿರಾಮದ ಒಪ್ಪಂದವೂ ಆಯ್ತು. ಅಂದ್ರೆ ಇಪಿ ಬಂದ ವರ್ಷ ‘ಇನ್ನೊಂದು ವಿಯೆಟ್ನಾಂ ಆಗುತ್ತಾ’ ಅನ್ನೋದು ಬರೀ ಹಾಡಿನ ಕಲ್ಪನೆ ಆಗಿರಲಿಲ್ಲ. ಇಂಥ ಹಾಡನ್ನ ಆಲ್ಬಮ್‌ಗೆ ಅಂತ 1990ರ ತನಕ ಎತ್ತಿಟ್ಟಿದ್ದರೆ? ಆ ವರ್ಷ ಫೆಬ್ರವರಿಯಲ್ಲಿ ಚುನಾವಣೆ ಆಗಿ ಸಾಂಡಿನಿಸ್ಟಾಗಳೇ ಸೋತುಬಿಟ್ಟರು. ಹಾಡು ಹಳಸಿಹೋಗ್ತಿತ್ತು. ಇಪಿ ಅನ್ನೋ ಅಳತೆ ಇಂಥದ್ದಕ್ಕೇ ಇರೋದು.

ಡಬಲ್_ಕಿಕ್ಕು:
ಇತಿಹಾಸದ ಪೀರಿಯಡ್ ಮುಗೀತಾ ಮೇಷ್ಟ್ರೇ? ಗಿಟಾರ್ ಪ್ರಶ್ನೆ ಕೇಳಿದವನು ಬಾಗಿಲಲ್ಲೇ ನಿಂತಿದಾನೆ.

ವಾಲ್ವ್_ಬಿಸಿ:
ಗಿಟಾರಿಗೆ ಬರ್ತೀನಿ. ತಂತಿಮೀಟು, ನಿಮ್ಮ ರಿವರ್ಬ್ ಪೆಡಲ್ ಡಿಸ್ಟಾರ್ಷನ್‌ಗಿಂತ (ದನಿಯನ್ನ ಗಡಸು ಮಾಡೋ ಎಫೆಕ್ಟ್) ಮುಂಚೆ ಇದೆ ಅಲ್ವಾ? ಅದೇ ರೋಗ. ಡಿಸ್ಟಾರ್ಷನ್ ಸಣ್ಣ ದನಿಯನ್ನ ದೊಡ್ಡದು ಮಾಡುತ್ತೆ. ರಿವರ್ಬ್‌ನ ಬಾಲ ಅದರೊಳಗೆ ಹೋದರೆ, ಸಾಯಬೇಕಾದ ಬಾಲ ನೋಟಿನಷ್ಟೇ ಜೋರಾಗಿ ನಿಂತುಬಿಡುತ್ತೆ. ಮುಂದಿನ ನೋಟು ಅದರ ಮೇಲೆ ಬೀಳುತ್ತೆ. ಅಂಬಲಿ ರೆಡಿ.

1961ರಲ್ಲಿ ಫೆಂಡರ್ ಕಂಪನಿ ಬಿಟ್ಟ ಪ್ರತ್ಯೇಕ ರಿವರ್ಬ್ ಪೆಟ್ಟಿಗೆ ಆಂಪ್‌ಗಿಂತ ಮುಂಚೆಯೇ ಇರುತ್ತಿತ್ತು, ನಿಜ. ಸರ್ಫ್ ಸದ್ದಿನ ಆ ‘ತೊಟ್ ತೊಟ್’ ಹನಿ ಬರೋದೂ ಅದರಿಂದಲೇ. ಆದರೆ ಅದರ ಮುಂದೆ ಇದ್ದದ್ದು ಕ್ಲೀನ್ ಆಂಪ್. ಡಿಸ್ಟಾರ್ಷನ್ ತುಂಬಿದ ಹೈ ಗೇನ್ ಅಲ್ಲ.

ಹೀಗೆ ಮಾಡಿ. ಎರಡು ಚಾನೆಲ್ ಆಂಪ್ ಇದ್ದರೆ ಕ್ಲೀನ್ ಚಾನೆಲ್‌ಗೆ ಮಾತ್ರ ರಿವರ್ಬ್ ಕೊಡಿ. ರಿವರ್ಬ್ ಆಂಪ್‌ನ ಎಫೆಕ್ಟ್ಸ್ ಲೂಪಲ್ಲಿ (ಡಿಸ್ಟಾರ್ಷನ್ ಆದಮೇಲೆ ಪೆಡಲ್ ಸೇರಿಸೋ ಜಾಗ) ಇರಲಿ. ಚಾನೆಲ್ ಸ್ವಿಚ್, ರಿವರ್ಬ್ ಸ್ವಿಚ್ ಎರಡನ್ನೂ ಒಂದೇ ಕಾಲಲ್ಲಿ ಒತ್ತೋ ಹಾಗೆ ಲೂಪ್ ಸ್ವಿಚರ್ ಹಾಕಿ, ಇಲ್ಲದಿದ್ರೆ ಆ ವೇಗದಲ್ಲಿ ಎರಡು ಸಲ ಒತ್ತೋಕೆ ಆಗಲ್ಲ. ರಿವರ್ಬ್ ಸ್ಪ್ರಿಂಗ್ ಮೋಡ್, ಮಿಕ್ಸ್ 40ರಿಂದ 50 ಪ್ರತಿಶತ, ಡಿಕೇ (ಬಾಲದ ಉದ್ದ) 2 ಸೆಕೆಂಡ್ ದಾಟಬಾರದು. ಬ್ರಿಜ್ ಪಿಕಪ್. ಮಣಿಕಟ್ಟಿನ ಅಂಚನ್ನ ಬ್ರಿಜ್ ಮೇಲೆ ಹಗುರವಾಗಿ ಇಡಿ. ಥ್ರ್ಯಾಶ್‌ಗೆ ಒತ್ತಿದಷ್ಟು ಒತ್ತಿದ್ರೆ ನೋಟೇ ಸಾಯುತ್ತೆ.

ತಂತಿಮೀಟು:
ಹೌದು ಸಾರ್, ಮುಂಚೆನೇ ಇತ್ತು. ನುಡಿಸದಿದ್ದಾಗ ಗುಂಯ್ ಸದ್ದು ಮುಚ್ಚೋ ನಾಯ್ಸ್ ಗೇಟ್ ಎಲ್ಲಿಡಲಿ? ಈಗ ಲೂಪಿನ ಕೊನೆಯಲ್ಲಿದೆ.

ವಾಲ್ವ್_ಬಿಸಿ:
ಕೊನೆಯಲ್ಲಿದ್ರೆ ರಿವರ್ಬ್ ಬಾಲವನ್ನ ಕತ್ತರಿಸಿ ಹಾಕುತ್ತೆ. ಗೇಟ್ ಮೊದಲು, ರಿವರ್ಬ್ ಆಮೇಲೆ. ಕ್ಲೀನ್ ಭಾಗಕ್ಕೆ ಗೇಟ್ ಆಫ್ ಆದರೆ ಇನ್ನೂ ಒಳ್ಳೇದು, ಸಣ್ಣಗೆ ಮೀಟಿದ ನೋಟನ್ನ ಅದು ನುಂಗುತ್ತೆ.

ಕ್ಲೀನ್ ಚಾನೆಲ್ ವಾಲ್ಯೂಮ್ ಒಬ್ಬರೇ ಕೂತು ಸೆಟ್ ಮಾಡಬೇಡಿ. ಡಿಸ್ಟಾರ್ಷನ್ ದನಿ ಚಪ್ಪಟೆಯಾಗಿ ಒಂದೇ ಎತ್ತರದಲ್ಲಿ ಇರುತ್ತೆ, ಕ್ಲೀನ್ ಏರಿಳಿಯುತ್ತೆ. ಕೋಣೆಯಲ್ಲಿ ಸಮ ಅನಿಸಿದ್ದು ಡ್ರಮ್ಸ್ ಸೇರಿದ ಕೂಡಲೇ ಮಾಯ. ಡ್ರಮ್ಮರ್ ಬಾರಿಸ್ತಿರುವಾಗಲೇ ತಿರುಗಿಸಿ.

ಹುಬ್ಬಳ್ಳಿ_ರಿಫ್:
ತಂತಿ ಯಾವ ಗೇಜ್ (ದಪ್ಪ) ಅದಾವ? 9 ಇದ್ರ ಜೋರ್ ಮೀಟಿದಾಗ ಸುರ ಏರತದ. 10–46 ಹಾಕ್ರಿ. ಖರೇ ಸರ್ಫ್ ನುಡಿಸೋರು 11ರಿಂದ 13ರ ಫ್ಲ್ಯಾಟ್‌ವೌಂಡ್ (ಮೈ ನುಣುಪಾದ ತಂತಿ) ಹಾಕ್ತಾರ, ಅದರಾಗ ಥ್ರ್ಯಾಶ್ ರಿಫ್‌ನ ಕಚ್ಚು ಬರೂದಿಲ್ಲ. ಎರಡಕ್ಕೂ ನಡುವ 10.

ವೇಗದ ಲೆಕ್ಕ ಒಮ್ಮೆ ಹಾಕ್ರಿ. 180 ಬಿಪಿಎಂನಾಗ (ನಿಮಿಷಕ್ಕ 180 ಬೀಟ್) ಹದಿನಾರನೇ ನೋಟು, ಅಂದ್ರ ಬೀಟಿಗೆ ನಾಲ್ಕು ಮೀಟು, ಸೆಕೆಂಡಿಗೆ 12 ಮೀಟು. 120ಕ್ಕ ಸೆಕೆಂಡಿಗೆ 8. ಮೊದಲ 120ರಾಗ ಎರಡು ನಿಮಿಷ ಕೈ ಬಿಗಿಯಾಗದಂಗ ನುಡಿಸ್ರಿ, ಆಮೇಲೆ 5–5 ಏರಿಸ್ರಿ. ಮುಂಗೈ ಉರಿಯಾಕ ಹತ್ತಿದ್ರ ಮೊಣಕೈಯಿಂದ ಮೀಟಾಕತ್ತೀರಿ ಅಂತ ಅರ್ಥ. ಮಣಿಕಟ್ಟಿನಿಂದ ಬರಬೇಕು. ಪಿಕ್ಕಿನ ತುದಿ 2–3 ಮಿಲಿಮೀಟರ್ ಅಷ್ಟ ಹೊರಗ ಇರಲಿ.

ಡಬಲ್_ಕಿಕ್ಕು:
ಡ್ರಮ್ಸ್ ಪರವಾಗಿ ಒಂದು. ಸರ್ಫ್ ಭಾಗಕ್ಕೆ ಬಂದಾಗ ಡಬಲ್ ಕಿಕ್ ಬಂದ್ ಮಾಡಬೇಕು, ಕಷ್ಟ ಗೊತ್ತು. ಟಾಮ್ ಮೇಲೆ ಬಲ–ಎಡ ಬಿಡದೆ ಹದಿನಾರನೇ ನೋಟು, ಅದರಲ್ಲಿ ಒತ್ತು ಜಾಗ ಬದಲಿಸ್ತಾ ಹೋಗುತ್ತೆ, ಅಷ್ಟೇ ಮಜಾ. ಇಲ್ಲಿ ಎಲ್ಲರೂ ಓಡ್ತಾರೆ. ಎಡಗಾಲಲ್ಲಿ ಹೈಹ್ಯಾಟನ್ನ ಪ್ರತಿ ಬೀಟಿಗೂ ‘ಚಕ್ ಚಕ್’ ಅನ್ನಿಸ್ತಾ ಇರಿ. ಆ ಕಾಲು ನಿಂತರೆ ವೇಗ ಕೈ ತಪ್ಪುತ್ತೆ. ವಾಪಸ್ ಥ್ರ್ಯಾಶ್‌ಗೆ ಹೋಗುವಾಗ ಗಿಟಾರಿನವರು ಸ್ವಿಚ್ ಒತ್ತೋಕೆ ಅರ್ಧ ಬೀಟ್ ತಗೋತಾರೆ, ಸ್ನೇರ್ ಫಿಲ್ ಅಲ್ಲಿ ಮುಚ್ಚಿಬಿಡಿ.

ರೀಲು_ಸುತ್ತ:
ನಾಲ್ಕೇ ಹಾಡಿದ್ದಾಗ ಒಂದು ಕವರ್ ಹಾಕೋದು ಮೋಸ ಅಂತಲೇ ನನ್ನ ಅಭಿಪ್ರಾಯ.

ಬಾಸ್_ಅಕ್ಕ:
ಹಾಗಾದ್ರೆ ಮೆಟಾಲಿಕಾ 1987ರಲ್ಲಿ ಪೂರ್ತಿ ಕವರ್‌ಗಳದ್ದೇ ಇಪಿ ಬಿಟ್ಟು ಹೆಸರಲ್ಲೇ 5.98 ಡಾಲರ್ ಅಂತ ಬೆಲೆ ಹಾಕಿತ್ತಲ್ಲ, ಅದಕ್ಕೆ ಏನಂತೀರಿ?

ಸೇಕ್ರೆಡ್ ರೈಕ್‌ಗೆ ‘ವಾರ್ ಪಿಗ್ಸ್’ ಒಳ್ಳೇ ಪಾಠ ಕಲಿಸಿದೆ ಅಂತ ನನಗನಿಸುತ್ತೆ. ‘ಇಗ್ನೊರೆನ್ಸ್’ ಪೂರ್ತಿ ಓಟ. ‘ದಿ ಅಮೆರಿಕನ್ ವೇ’ನಲ್ಲಿ ನಿಧಾನ, ಭಾರ ಜಾಸ್ತಿ. ನಡುವೆ ಈ ಹಾಡು. ಸರ್ಫ್ ತಮಾಷೆಯ ಮರಿಯೂ ಮುಂದಿನ ಆಲ್ಬಮ್‌ನಲ್ಲಿದೆ, ಕೊನೆಯ ‘31 ಫ್ಲೇವರ್ಸ್’ ಕೇಳಿ, ಫಂಕ್.

ನುಡಿಸೋರಿಗೆ: ಸ್ಯಾಬತ್ ಮೂಲ 1970ರದ್ದು, ತಂತಿ ಮಾಮೂಲಿ ಇ ಟ್ಯೂನಿಂಗ್. ಸ್ಯಾಬತ್ ಗಿಟಾರಿಸ್ಟ್ ಅಯೋಮಿ ಸ್ಟುಡಿಯೋದಲ್ಲಿ ತಂತಿ ಇಳಿಸಿದ್ದು 1971ರ ಆಲ್ಬಮ್‌ನಿಂದ. ಶುರುವಿನ ಭಾಗ 12/8ರ ತೂಗು, ಆಮೇಲೆ 4/4. ಹಾಡು ಬರುವ ಕಡೆ ಡಿ–ಇ ಎರಡು ಹೊಡೆತ, ಆಮೇಲೆ ಬರೀ ಹೈಹ್ಯಾಟ್. ಆ ಎರಡು ಹೊಡೆತ ಆದಕೂಡಲೇ ಎರಡೂ ಕೈಯಲ್ಲಿ ತಂತಿ ಮುಚ್ಚಬೇಕು. ಗೇಟ್ ಮಾಡುತ್ತೆ ಅಂತ ಬಿಟ್ಟರೆ ಒಂದು ಉಸಿರು ತಡ ಆಗುತ್ತೆ, ಖಾಲಿ ಜಾಗ ಗಲೀಜಾಗುತ್ತೆ.

ಹುಬ್ಬಳ್ಳಿ_ರಿಫ್:
ಕವರ್ ಇರಲಿ ಬಿಡ್ರಿ. ಆಲ್ಬಮ್ ನಡುವಿನ ಇಪಿ ಅಂದ್ರ ಸ್ಲೇಯರ್‌ನ ‘ಹಾಂಟಿಂಗ್ ದ ಚಾಪೆಲ್’ (1984) ಮುಂದ ಇದು ಸಣ್ಣದು.

ಡಬಲ್_ಕಿಕ್ಕು:
ಬಂತು ಸ್ಲೇಯರ್. ಯಾವ ಮಾತು ಶುರುವಾದ್ರೂ ಅಲ್ಲಿಗೇ ಹೋಗಿ ನಿಲ್ಲುತ್ತೆ. ಆ ರೆಕಾರ್ಡಿಂಗ್‌ನಲ್ಲಿ ಸ್ಲೇಯರ್ ಡ್ರಮ್ಮರ್ ಲೊಂಬಾರ್ಡೊ ಡ್ರಮ್ಸ್ ಕೆಳಗೆ ಕಾರ್ಪೆಟ್ ಇರಲಿಲ್ಲ, ಬರೀ ಕಾಂಕ್ರೀಟ್. ಕಿಟ್ ಜಾರದ ಹಾಗೆ ಇನ್ನೊಬ್ಬ ಡ್ರಮ್ಮರ್ ಜೀನ್ ಹೋಗ್ಲನ್ ಹಿಡ್ಕೊಂಡು ಕೂತಿದ್ದರು. ಆದ್ದರಿಂದ ಎಲ್ಲ ಡ್ರಮ್ಮರ್‌ಗಳಿಗೆ ವಿನಂತಿ: ಚಾಪೆ ಒಯ್ಯಿರಿ. 2 ಮೀಟರ್‌ಗೆ ಒಂದೂವರೆ ಮೀಟರ್ ಇದ್ದರೆ ಸೀಟೂ ಅದರ ಮೇಲೇ ಬರುತ್ತೆ. ನಿಮ್ಮ ತೂಕವೇ ಕಿಟ್ಟನ್ನ ಹಿಡಿಯುತ್ತೆ.

ಕಬ್ಬಿಣದ_ಕಡಲೆ:
ಸ್ಲೇಯರ್ ಜೊತೆ ಹೋಲಿಕೆ ಬೇಡ. ಸರಿಯಾದ ಜೋಡಿ ಅಂದ್ರೆ ಪೊಸೆಸ್ಡ್‌ನ ‘ದಿ ಐಸ್ ಆಫ್ ಹಾರರ್’ (1987), ಅದನ್ನ ಪ್ರೊಡ್ಯೂಸ್ ಮಾಡಿದ್ದು ಗಿಟಾರಿಸ್ಟ್ ಜೋ ಸಾಟ್ರಿಯಾನಿ. ಆಮೇಲೆ ನ್ಯೂಕ್ಲಿಯರ್ ಅಸಾಲ್ಟ್‌ನ ‘ದ ಪ್ಲೇಗ್’ (1987), ಇದೂ ‘ಗೇಮ್ ಓವರ್’ ಮತ್ತು ‘ಸರ್ವೈವ್’ ನಡುವಿನದು. ಪೊಸೆಸ್ಡ್‌ದು ದಾರಿ ಮುಗಿದ ಜಾಗ, ಅದಾದ ಮೇಲೆ ಆ ತಂಡ ದಶಕಗಳ ಕಾಲ ಆಲ್ಬಮ್ ಮಾಡಲಿಲ್ಲ. ಸೇಕ್ರೆಡ್ ರೈಕ್‌ದು ತಿರುವು.

ಹಳೇ_ಸೂಜಿ:
ಯಾವ ಆವೃತ್ತಿ ಕೇಳಬೇಕು ಅಂತ ಯಾರೂ ಹೇಳಲೇ ಇಲ್ಲ. ವಿನೈಲ್ ತಟ್ಟೆಯಲ್ಲಿ ನಾಲ್ಕು ಹಾಡು. ಸೀಡಿಯಲ್ಲಿ ‘ಇಗ್ನೊರೆನ್ಸ್’, ‘ಡೆತ್ ಸ್ಕ್ವಾಡ್’ ಲೈವ್ ಸೇರಿಸಿದ್ದಾರೆ. ‘ಇಗ್ನೊರೆನ್ಸ್’ ಆಲ್ಬಮ್ ಜೊತೆ ಒಂದೇ ಸೀಡಿಯಾಗಿಯೂ ಬಂದಿದೆ, ಅದು ದುಡ್ಡಿಗೆ ಲಾಭ, ಕೇಳೋದಕ್ಕೆ ನಷ್ಟ. ಆಲ್ಬಮ್‌ನ ಬಾಲದ ಹಾಗೆ ಕೇಳಿಸುತ್ತೆ. ಲೈವ್ ಬೇಕಾದವರಿಗೆ ಮರುವರ್ಷದ ‘ಅಲೈವ್ ಅಟ್ ದ ಡೈನಮೋ’ ಬೇರೆಯೇ ಇದೆ, ನೆದರ್ಲೆಂಡ್ಸ್‌ನ ಐಂಧೋವನ್‌ನಲ್ಲಿ ರೆಕಾರ್ಡ್ ಆದದ್ದು.

12 ಇಂಚಿನ ಇಪಿಯ ಸದ್ದು ಎಲ್‌ಪಿಗಿಂತ ದಪ್ಪ ಯಾಕೆ ಅಂದ್ರೆ, ಒಂದು ಬದಿಗೆ ಇರೋದು ಸುಮಾರು 10 ನಿಮಿಷ. ಎಲ್‌ಪಿಯಲ್ಲಿ 20 ನಿಮಿಷ ತುರುಕಿದಾಗ ಗೆರೆಗಳು ಒತ್ತೊತ್ತಾಗಿ, ದನಿ ತಗ್ಗಿಸಿ ಕೊರೀಬೇಕು. ಕಮ್ಮಿ ಹಾಡಿದ್ರೆ ಗೆರೆ ಅಗಲ ಬಿಡಬಹುದು. ಇನ್ನೊಂದು, 33⅓ ವೇಗದಲ್ಲಿ ಹೊರ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತೆ. ಲೇಬಲ್ ಹತ್ತಿರ, ನಡುವಿನಿಂದ 6 ಸೆಂಟಿಮೀಟರ್ ದೂರದಲ್ಲಿ, ಬರೀ 21. ಅಷ್ಟು ಚಿಕ್ಕ ಜಾಗದಲ್ಲಿ ಸಿಂಬಲ್‌ನ ಸಣ್ಣ ಅಲೆಗಳನ್ನ ಸೂಜಿ ಹಿಡೀಲಾರದು, ‘ಸ್ಸ್’ ಅಂತ ಸಿಡಿಯುತ್ತೆ. ಚಿಕ್ಕ ಇಪಿ ಅಷ್ಟು ಒಳಗೆ ಹೋಗಬೇಕಾಗಿಯೇ ಇಲ್ಲ.

ತಂತಿಮೀಟು:
ವಿನೈಲ್ ತಟ್ಟೆಯೇ ತಗೋತೀನಿ. ಕಂಪ್ಯೂಟರಿಗೆ ಇಳಿಸೋದು ಹೇಗೆ?

ಹಳೇ_ಸೂಜಿ:
24 ಬಿಟ್, 96 ಕಿಲೋಹರ್ಟ್ಸ್. ಅತಿ ಜೋರಿನ ಕಡೆ –6 ಡೆಸಿಬಲ್ ದಾಟದ ಹಾಗೆ ಇಡಿ. ಗೀರಿನ ‘ಟಪ್’ ಸದ್ದು ಹಾಡಿಗಿಂತ ಎತ್ತರ ಇರುತ್ತೆ, ಅದಕ್ಕೇ ಜಾಗ ಬಿಡೋದು. ‘ಟಪ್’ ತೆಗೆದಮೇಲೆ ದನಿ ಏರಿಸಿ, ಮುಂಚೆ ಅಲ್ಲ. ನಿಮಿಷಕ್ಕೆ ಸುಮಾರು 35 ಎಂಬಿ ಆಗುತ್ತೆ, 20 ನಿಮಿಷಕ್ಕೆ 700ರ ಹತ್ತಿರ. ಫ್ಲಾಕ್ (ಗುಣ ಕೆಡದೆ ಕುಗ್ಗಿಸೋ ಫೈಲ್) ಮಾಡಿದ್ರೆ ಕಮ್ಮಿಯಾಗುತ್ತೆ. ಆಟೋಮ್ಯಾಟಿಕ್ ಕ್ಲಿಕ್ ರಿಮೂವರ್ ಥ್ರ್ಯಾಶ್‌ಗೆ ಬಿಟ್ಟರೆ ಸ್ನೇರ್ ಹೊಡೆತವನ್ನೇ ಗೀರು ಅಂದ್ಕೊಂಡು ಮೊಂಡು ಮಾಡುತ್ತೆ. ಒಂದೊಂದಾಗಿ ಕೈಯಲ್ಲೇ ತೆಗೀರಿ.

ಮುಲ್ಕಿ_ಅಲೆ:
ಕ್ಯಾಸೆಟ್ ಇರುವವರಿಗೆ ಏನಾದ್ರೂ ಹೇಳಿ. ನಮ್ಮ ಬದಿಯ ಹಸಿಗಾಳಿಗೆ ಕ್ಯಾಸೆಟ್ಟಿಗೆಲ್ಲ ಬೂಷ್ಟು ಹಿಡಿತದೆ.

ಹಳೇ_ಸೂಜಿ:
ಬೂಷ್ಟು ಇರೋ ಕ್ಯಾಸೆಟ್ ಒಳ್ಳೇ ಡೆಕ್ಕಿಗೆ ಹಾಕಲೇಬೇಡಿ, ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತೆ. ಟೇಪಿನ ಹಿಂದಿನ ಸ್ಪಂಜ್ ಪ್ಯಾಡ್ ಉದುರಿದೆಯಾ ನೋಡಿ. ಉದುರಿದ್ರೆ ಎತ್ತರದ ಸ್ವರ ಬರ್ತಾ ಹೋಗ್ತಾ ಇರುತ್ತೆ. ಪ್ಯಾಡ್ ಸರಿಯಿದ್ದೂ ಮಂಕಾಗಿದ್ರೆ ಅಜಿಮತ್ (ಟೇಪಿಗೆ ಹೆಡ್ ಇರೋ ಕೋನ) ತಪ್ಪಿದೆ ಅಂತ. ದನಿಯನ್ನ ಮೋನೋ ಮಾಡಿ, ಹೆಡ್ ಪಕ್ಕದ ಸ್ಕ್ರೂವನ್ನ ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸ್ತಾ ಸಿಂಬಲ್ ಅತಿ ಸ್ಪಷ್ಟವಾಗೋ ಜಾಗದಲ್ಲಿ ನಿಲ್ಲಿಸಿ. ಮೊದಲು ಎಲ್ಲಿತ್ತು ಅಂತ ಗುರುತು ಹಾಕ್ಕೊಳ್ಳಿ.

ರೀಲು_ಸುತ್ತ:
ವಿನೈಲ್ ತಟ್ಟೆ ತೊಳೆಯೋದಕ್ಕೆ ಸರ್ಫ್ ಪುಡಿ ಆಗುತ್ತಾ? ನಿಜವಾಗಲೂ ಕೇಳ್ತಿದೀನಿ.

ಹಳೇ_ಸೂಜಿ:
ಆಗಲ್ಲ. ಪುಡಿ ಪೂರ್ತಿ ಕರಗಲ್ಲ, ಒಣಗಿದ ಮೇಲೆ ಗೆರೆಯಲ್ಲಿ ಉಳಿದು ‘ಚರಚರ’ ಅನ್ನುತ್ತೆ. ನಲ್ಲಿ ನೀರಿನ ಸುಣ್ಣವೂ ಅಷ್ಟೇ. 1 ಲೀಟರ್ ಡಿಸ್ಟಿಲ್ಡ್ ವಾಟರ್, 100 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಬಣ್ಣ–ವಾಸನೆ ಇಲ್ಲದ ಪಾತ್ರೆ ತೊಳೆಯೋ ದ್ರವ ಎರಡು ಹನಿ. ಮೆತ್ತಗಿನ ಬ್ರಷ್‌ನಲ್ಲಿ ಗೆರೆಯ ದಿಕ್ಕಲ್ಲೇ ಉಜ್ಜಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಮ್ಮೆ. ಲೇಬಲ್ ಒದ್ದೆ ಆಗಬಾರದು.

ಮನೆಯಲ್ಲಿ ಹಳೇ ರಂಗಗೀತೆಗಳ 78 ಆರ್‌ಪಿಎಂ ತಟ್ಟೆ ಇದ್ದರೆ ಈ ದ್ರಾವಣ ಅದಕ್ಕೆ ತಾಗಿಸಲೇಬೇಡಿ. ಅದು ಅರಗಿನದ್ದು, ಆಲ್ಕೊಹಾಲ್ ಬಿದ್ದರೆ ಕರಗುತ್ತೆ.

ತಂತಿಮೀಟು:
ಗೇಟ್ ಮುಂಚೆ, ರಿವರ್ಬ್ ಲೂಪಲ್ಲಿ ಹಾಕಿ ನೋಡಿದೆ. ಅಂಬಲಿ ಹೋಯ್ತು. ಆದರೆ ಕ್ಲೀನ್ ಚಾನೆಲ್‌ಗೆ ಬಂದಾಗ ‘ಟಕ್’ ಅಂತ ಸದ್ದು ಬರ್ತಿದೆ.

ವಾಲ್ವ್_ಬಿಸಿ:
ಆಂಪ್‌ನ ಸ್ವಿಚ್ಚಿನದ್ದಾ, ಪೆಡಲ್‌ದಾ? ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ ಒಂದೊಂದೇ ಒತ್ತಿ ನೋಡಿ. ಟ್ರೂ ಬೈಪಾಸ್ (ಆಫ್ ಇದ್ದಾಗ ಸಿಗ್ನಲ್ಲನ್ನ ನೇರ ದಾಟಿಸೋ) ಪೆಡಲ್ ಆದರೆ ಮೊದಲ ಒಂದೆರಡು ಸಲ ‘ಟಕ್’ ಅನ್ನೋದು ಸಹಜ. ಆಂಪ್ ಆನ್ ಮಾಡೋ ಮುಂಚೆ ನಾಲ್ಕೈದು ಸಲ ಒತ್ತಿಬಿಡಿ.

ಡಬಲ್_ಕಿಕ್ಕು:
ಆಮೇಲೂ ಬಂದ್ರೆ ಬರಲಿ ಬಿಡು ಗುರು, ಅದೇ ಜಾಗಕ್ಕೆ ನನ್ನ ಸ್ನೇರ್ ಬೀಳುತ್ತೆ.